ಉಗುಳದ ಗುಟುಕು

ಖಾಸಿಂಸಾಬ ಸುದ್ದಿ ಹೇಳಿ ಹೋದ ಮೇಲೂ ಚನ್ನಬಸವಣ್ಣ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಬೆಳಕಿನ ಆ ಸಣ್ಣ ವೃತ್ತದಲ್ಲಿ ಅವನಿಗೆ ಕಾಣುತ್ತಿದ್ದದ್ದು ಅವನದೇ ರೆಪ್ಪೆಗೂದಲು. ತಲೆ ಎತ್ತಿದರೆ ಏನಾದರೂ ಮಾಡಬೇಕಾಗುತ್ತದೆ, ಅದಕ್ಕೇ ಹಾಗೆ ಬಗ್ಗಿ ಕೂತಿದ್ದ. ಖಾಸಿಂಸಾಬ ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರ್. ಗದಗಿನ ಕಾಲೇಜಿನ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಪ್ರಯೋಗಶಾಲೆಯ ಹೊಸ್ತಿಲ ಆಚೆಯೇ ನಿಂತು ಹೇಳಿದ್ದ: "ನಿಮ್ಮ ಅತ್ತಿಗಿ ಹೇಳಿ ಕಳಿಸ್ಯಾರ್ರಿ ಸರ. ಉಳವಪ್ಪಣ್ಣ ಮೊನ್ನಿಯಿಂದ ಮನಿಗೆ ಬಂದಿಲ್ಲಂತ. ನೀವೊಮ್ಮಿ ಬಂದು ಹೋಗಬೇಕಂತ. ಊರಾಗ ಮಂದಿ ಸೇರಿಸಿಕೊಂಡು ತಿರುಗಿ ಬರ್ತೀನಿ, ಗೇಟಿನ ಹತ್ರ ನಿಂದರ್ರಿ." ಹೇಳುವಾಗ ಅವನ ಮೂಗು ಒಮ್ಮೆ ಅರಳಿ ಸುಮ್ಮನಾದದ್ದನ್ನು ಚನ್ನಬಸವಣ್ಣ ಗಮನಿಸಿದ್ದ. ಈ ಕೋಣೆಗೆ ಬಂದವರೆಲ್ಲರ ಮೂಗೂ ಹಾಗೇ ಅರಳುತ್ತದೆ. ಕಸ ಹೊಡೆಯುವ ಕರಿಯವ್ವನದೂ, ಪ್ರಿನ್ಸಿಪಾಲರದೂ. ಅವನಿಗೆ ಮಾತ್ರ ಈಗ ಯಾವ ವಾಸನೆಯೂ ಬರುವುದಿಲ್ಲ.

ಗೋಡೆಗೆ ಹೊಂದಿಸಿದ ಹಲಗೆಯ ಮೇಲೆ ಮೂರು ಭರಣಿಗಳಿದ್ದವು. ಮಾಗಡಿ ಕೆರೆಯ ಕೆಳಗಿನ ತೋಟದ ಕರಿ ದ್ರಾಕ್ಷಿಯದು ಒಂದು, ಲಕ್ಷ್ಮೇಶ್ವರದಲ್ಲಿ ಅಣ್ಣನ ಬಾವಿಯ ಮೇಲಿನ ಚಪ್ಪರದ್ದು ಒಂದು, ಕಪ್ಪತಗುಡ್ಡದ ಬುಡಕ್ಕೆ ಡೋಣಿಯ ತೋಟದ್ದು ಮತ್ತೊಂದು. ಬೇಸಿಗೆಯ ಮೊದಲಲ್ಲಿ ಹಣ್ಣನ್ನು ತೊಳೆಯದೆ, ಹೊರಗಿನ ಯೀಸ್ಟು ಒಂದು ಚಿಟಿಕೆಯೂ ಹಾಕದೆ, ಹಿಸುಕಿ ಇಟ್ಟದ್ದು. ಹಣ್ಣಿನ ಸಿಪ್ಪೆಯ ಮೇಲೆ ಬೂದಿಯಂತೆ ಕೂತ ಜೀವಗಳೇ ಅದನ್ನು ಹುದುಗಿಸಬೇಕು. ಮೊದಲ ದಿನಗಳಲ್ಲಿ ನಿಂಬೆಯಾಕಾರದವು ಭರಣಿಯ ತುಂಬ ಗಿಜಿಗುಟ್ಟುತ್ತಿದ್ದವು. ತಾವೇ ಮಾಡಿದ ಮದ್ಯ ಏರುತ್ತ ಹೋದಂತೆ ಅವು ಸತ್ತು ತಳಕ್ಕಿಳಿದವು. ಆಮೇಲೆ ಸಣ್ಣ ದುಂಡನೆಯವು, ಮೇಲೆ ಕೆನೆ ಕಟ್ಟುವ ಉದ್ದನೆಯವು, ಒಂದೊಂದು ತೋಟದ್ದು ಒಂದೊಂದು ಬಳಗ. ಕಡೆಗೆ ಮಾತ್ರ ಮೂರರಲ್ಲೂ ಒಂದೇ ಜಾತಿಯ ತತ್ತಿಯಾಕಾರದವು ಉಳಿದವು. ಹಾಗಾದರೆ ಮೊದಲು ಬಂದು ಸತ್ತವುಗಳ ಗುರುತು ರುಚಿಯಲ್ಲಿ ಉಳಿಯುತ್ತದೆಯೋ ಇಲ್ಲವೋ? ಅವನ ಪ್ರಬಂಧದ ಪ್ರಶ್ನೆ ಇಷ್ಟೆ. ದಾರೂಬಂದಿಯ ಮುಂಬಯಿ ಸರ್ಕಾರದಿಂದ ಪರವಾನಗಿ ತರಿಸುವುದೇ ದೊಡ್ಡದು ಎಂದುಕೊಂಡಿದ್ದ. ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಪ್ರಬಂಧ ಒಪ್ಪಬೇಕಾದ ಪುಣೆಯ ಪ್ರೊಫೆಸರರು ಹಾಳೆ ತಿರುವಿ ಹಾಕಿ, "ಆಕಾರ ಬರೆದಿದ್ದೀರಿ, ಬಣ್ಣ ಬರೆದಿದ್ದೀರಿ. ರುಚಿ ಎಲ್ಲಿ?" ಎಂದಿದ್ದರು. ಜೊತೆಗಿದ್ದ ಇಬ್ಬರು ಹುಡುಗರು ನಕ್ಕಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮದ್ಯದ ಹನಿಯನ್ನೂ ನಾಲಿಗೆಗೆ ಸೋಕಿಸದವನು, ಏನು ಹೇಳಿಯಾನು? "ರುಚಿ ನೋಡಿಸ್ತೀನಿ ಸರ್" ಎಂದಿದ್ದ. ತಾನೇ ನೋಡುತ್ತೇನೆ ಎಂದಿರಲಿಲ್ಲ.

ಬಸ್ಸಿನಲ್ಲಿ ಖಾಸಿಂಸಾಬ ಅವನಿಗೆ ಮುಂದಿನ ಸೀಟು ಬಿಡಿಸಿ ಕೊಟ್ಟ. ಕೂತವರೆಲ್ಲ ಕನ್ನಡದ ಸೀಮೆಗಳೆಲ್ಲ ಒಂದಾಗಿ ಇನ್ನೇನು ಬರಲಿರುವ ಹೊಸ ರಾಜ್ಯದ ಮಾತಿನಲ್ಲಿದ್ದರು. ಊರೂರಿನಲ್ಲಿ ಬಾವುಟ ಕಟ್ಟುತ್ತಾರಂತೆ, ಮುಂಬಯಿಗೆ ಅರ್ಜಿ ಹಾಕುವ ಕಾಟ ತಪ್ಪಿತಂತೆ. ಚನ್ನಬಸವಣ್ಣ ಕಿಟಕಿಗೆ ಮುಖ ಕೊಟ್ಟ. ಹತ್ತಿಯ ಹೊಲ ಹಿಂದಕ್ಕೆ ಸರಿಯುತ್ತಿತ್ತು. ಆಷಾಢದಲ್ಲಿ ಅಣ್ಣ ಇದೇ ದಾರಿಯಲ್ಲಿ ಗದಗಿಗೆ ಬಂದಿದ್ದ, ಮಾರ್ಕೆಟ್ಟಿನ ಕೆಲಸ ಮುಗಿಸಿ, ಧೋತರದ ಅಂಚಿಗೆ ಕೆಸರು ಹತ್ತಿಸಿಕೊಂಡು. ಕೋಣೆಯ ಹೊಸ್ತಿಲಲ್ಲಿ ನಿಂತಾಗ ಅಣ್ಣನ ಮೂಗೂ ಅರಳಿತ್ತು. ಆದರೆ ಉಳಿದವರಂತಲ್ಲ. ಬಹಳ ದಿನದ ಮೇಲೆ ಯಾರೋ ಹೆಸರು ಹಿಡಿದು ಕೂಗಿದಾಗ ಮನುಷ್ಯ ತಿರುಗುತ್ತಾನಲ್ಲ, ಹಾಗೆ. ಅವ್ವ ಹಾಸಿಗೆ ಹಿಡಿದ ವರ್ಷ ಅವಳ ಅಂಗೈ ಮೇಲೆ ಕೈಯಿಟ್ಟು ಅಣ್ಣ ಕುಡಿತ ಬಿಟ್ಟಿದ್ದ. ಅದಕ್ಕೆ ಮೊದಲು ಅವನನ್ನು ಕರೆತರಲು ಶೆರೆಯ ಅಂಗಡಿಗೆ ಹೋಗುತ್ತಿದ್ದವನು ಚನ್ನಬಸವಣ್ಣನೇ. ಅಣ್ಣ ಗೋಡೆಗೆ ಬೆರಳು ತಾಗಿಸುತ್ತ ಹಿಂದೆ ಹಿಂದೆ ಬರುತ್ತಿದ್ದ, ಒಂದು ಮಾತೂ ಆಡದೆ, ತಮ್ಮನ ಮುಖಕ್ಕೆ ಮುಖ ಕೊಡದೆ. ಇದೆಲ್ಲ ಗೊತ್ತಿದ್ದೂ ಅಂದು ಅವನು ಮೂರು ಗಾಜಿನ ಲೋಟ ತೊಳೆದಿದ್ದ.

"ಒಂದು ಕೆಲಸ ಐತಣ್ಣಾ," ಎಂದಿದ್ದ. "ಬಾಯಾಗ ಇಟ್ಟು, ಹೆಂಗೈತಿ ಹೇಳಿ, ಉಗುಳಿಬಿಡು. ನುಂಗೂದು ಬ್ಯಾಡ."

ಉಳವಪ್ಪ ಲೋಟವನ್ನೂ ತಮ್ಮನನ್ನೂ ನೋಡಿದ. "ನೀ ಯಾಕ ನೋಡಂಗಿಲ್ಲ?"

"ನಾನು ಲಿಂಗ ಕಟ್ಟಿಕೊಂಡೀನಿ."

"ನಾ ಏನು ಕಟ್ಟಿಕೊಂಡೀನಿ, ತಮ್ಮಾ?" ಎಂದು ಉಳವಪ್ಪ ಅಂಗಿಯ ಮೇಲಿಂದ ಎದೆ ಮುಟ್ಟಿಕೊಂಡಿದ್ದ. ಸಿಟ್ಟಿರಲಿಲ್ಲ. ಉತ್ತರ ಬೇಕೆಂದು ಕೇಳಿದ ಪ್ರಶ್ನೆ ಅದು. ಚನ್ನಬಸವಣ್ಣ ಬೋಗುಣಿ ಹುಡುಕಿ ತಂದು ಮುಂದಿಟ್ಟ. ಅಣ್ಣನಿಗೆ ಅಭ್ಯಾಸವಿದೆ, ಒಂದು ಗುಟುಕಿನಿಂದ ಏನಾದೀತು, ಇದು ಶಾಸ್ತ್ರದ ಕೆಲಸ ಎಂದು ಅವನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಕೆಟ್ಟ ಬಾಯಿ ಹೇಗೂ ಕೆಟ್ಟಿದೆ ಎಂಬ ಮಾತೂ ಅವುಗಳ ನಡುವೆ ಎಲ್ಲೋ ಇತ್ತು. ಈಗ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕೂತಾಗ ಆ ಮಾತೊಂದೇ ಸ್ಪಷ್ಟವಾಗಿ ಕೇಳಿಸಿತು.

ಮೊದಲನೆಯದನ್ನು ಉಳವಪ್ಪ ಬಾಯಲ್ಲಿ ತಿರುಗಿಸಿ ಉಗುಳಿದ. ಕಣ್ಣು ಮುಚ್ಚಿಕೊಂಡು ಹೇಳಿದ: "ಕೆರಿ ದಂಡಿ ಮ್ಯಾಲೆ ಅರಬಿ ಒಗದು ಹರವಿದಾಗ, ಇನ್ನೂ ಆರದ ಅರಬಿ ವಾಸನಿ." ಎರಡನೆಯದನ್ನೂ ಉಗುಳಿದ. "ನೆಲದಾಗ ಕಾಳು ತುಂಬಿಟ್ಟ ಹಗೇವಿನ ಬಾಯಿ ತೆಗದ ಕೂಡಲೆ ಮ್ಯಾಲೆ ಬರತೈತಲ್ಲ ಜೋಳದ ಬಿಸಿ, ಅದು." ಮೂರನೆಯದು ಡೋಣಿಯದು. ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಅವನ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ಚನ್ನಬಸವಣ್ಣ ಕಂಡ. ಬೋಗುಣಿ ಅಣ್ಣನ ಮುಂದೆ ಹಾಗೇ ಇತ್ತು. "ಕವಳಿಹಣ್ಣು ತಿಂದು ನೀರು ಕುಡದಂಗ ಐತಿ," ಎಂದ ಉಳವಪ್ಪ, ಮೆಲ್ಲಗೆ. "ಮೊದಲು ಒಗರು. ಆಮ್ಯಾಲೆ ಸಿಹಿ ಅಲ್ಲ. ಸಿಹಿ ಈಗ ಬರತೈತಿ, ಈಗ ಬರತೈತಿ ಅಂತ ಕಾಯೂದು ಇರತದಲ್ಲ, ಅಷ್ಟು." ಚನ್ನಬಸವಣ್ಣನ ಮೈ ಜುಮ್ಮೆಂದಿತು. ಇಂಥ ಮಾತು ಅಣ್ಣನ ಬಾಯಿಂದ ಅವನು ಎಂದೂ ಕೇಳಿರಲಿಲ್ಲ. ನುಂಗಿದೆಯಲ್ಲಣ್ಣಾ ಎನ್ನಬೇಕಾದ ಬಾಯಿ, "ಇನ್ನೊಮ್ಮಿ ಹೇಳು, ಬರಕೋತೀನಿ" ಎಂದಿತು. ಮುಂದಿನ ವಾರ ಉಳವಪ್ಪ ಕರೆಯದೆಯೇ ಬಂದ. ಅದರ ಮುಂದಿನ ವಾರವೂ ಬಂದ. ಆಮೇಲೆ ಚನ್ನಬಸವಣ್ಣ ಕೋಣೆಗೆ ಬೀಗ ಹಾಕಿ, ಪುಣೆಗೆ ಹೋಗುವುದಿದೆ ಎಂದು ಹೇಳಿ ಕಳಿಸಿದ.

ಪುಣೆಗೆ ಹೋದದ್ದು ನಿಜವೇ. ಅಲ್ಲಿ ಪ್ರೊಫೆಸರರು ಆ ಮೂರು ವಾಕ್ಯಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಮೊದಲು ನಕ್ಕಿದ್ದ ಹುಡುಗರು ಈಗ ನಗಲಿಲ್ಲ. "ರುಚಿ ನೋಡಿದವರು ಯಾರು?" ಎಂದು ಅವರು ಕೇಳಿದಾಗ, ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ, ನನ್ನಣ್ಣ, ಒಂದು ಕಾಲಕ್ಕೆ ಕುಡಿದು ಬೀದಿಯಲ್ಲಿ ಬಿದ್ದಿದ್ದವನು ಎಂದು ಹೇಳಲು ನಾಲಿಗೆ ಏಳಲಿಲ್ಲ. "ನಾನೇ ಸರ್" ಎಂದ. ಅವರು ಹೆಗಲು ತಟ್ಟಿದರು.

ಮಾಗಡಿ ಕೆರೆ ಬಂತು. ಚಳಿಗಾಲದ ಹಕ್ಕಿಗಳಲ್ಲಿ ಮೊದಲ ಕೆಲವು ಆಗಲೇ ಇಳಿದು ನೀರಿನ ನಡುವೆ ಕೂತಿದ್ದವು. ಬಸ್ಸಿನವರೆಲ್ಲ ಆ ಕಡೆ ತಿರುಗಿದರು. ಅವನೂ ತಿರುಗಿದ, ನೋಡಲಿಲ್ಲ.

ಅತ್ತಿಗೆ ಸಾವಿತ್ರೆವ್ವ ಬಾಗಿಲಲ್ಲೇ ಇದ್ದಳು. ಅಳುತ್ತಿರಲಿಲ್ಲ. ಅವನ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ರೊಟ್ಟಿ ಬಡಿಸಿದಳು. ಎಣಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಅವನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳು. ಅವನ ತಟ್ಟೆಗೆ ಎಷ್ಟು ಹಿಂಡಿ ಬೇಕು ಎಂಬುದನ್ನು ಇಂದಿಗೂ ಕೇಳದೆ ಹಾಕುವವಳು. "ಹುಣಿವಿ ಆದಾಗಿಂದ ಶುರುವಾಗೇತಿ, ತಮ್ಮಾ," ಎಂದಳು. "ಮುಂಡರಗಿ ಸಂತಿಗೆ ಅಂತ ಹೋಗ್ತಾರ. ಸಂತಿ ಎಲ್ಲಿ, ಮುಂದ ಗಡಿ ದಾಟಿ ಮೊಗಲಾಯಿಗೆ, ನಿಜಾಮನ ಸೀಮಿಗೆ ಹೋಗ್ತಾರ. ಅಲ್ಲಿ ದಾರೂಬಂದಿ ಇಲ್ಲಲ್ಲ. ಇಷ್ಟು ವರ್ಷ ಬಿಟ್ಟಾವರು, ಈಗ ಯಾಕ? ಯಾರ ಕಣ್ಣು ಬಿತ್ತೋ." ಅವನು ರೊಟ್ಟಿ ಮುರಿದ. "ಮನ್ಯಾಗ ಬಾಯಿ ಸ್ವಚ್ಛ ಇಟ್ಟುಕೊಂಡಾವ ನೀ ಒಬ್ಬಾವ. ನೀ ಹೇಳಿದ್ರ ಕೇಳ್ತಾರ. ಅದಕ್ಕ ಕರಿಸೀನಿ."

ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಮಜ್ಜಿಗೆ ಕುಡಿದ. ಊಟ ಮುಗಿಸಿ ಹೇಳೋಣ ಎನಿಸಿತು, ಅಣ್ಣ ಬಂದ ಮೇಲೆ ಹೇಳೋಣ ಎನಿಸಿತು, ಹೇಳದಿದ್ದರೂ ನಡೆಯುತ್ತದೆ ಎಂಬುದೂ ಹೊಳೆಯಿತು. ಅಣ್ಣ ಎಂದೂ ಹೇಳುವವನಲ್ಲ. ಹೇಳುವವನಲ್ಲ ಎಂಬ ಆ ಭರವಸೆಯೇ ಅವನನ್ನು ಹಿಡಿದು ಅಲ್ಲಾಡಿಸಿತು. "ನಾನ ಕೊಟ್ಟೆ, ಅತ್ತಿಗಿ," ಎಂದ. ತಟ್ಟೆಯನ್ನೇ ನೋಡುತ್ತ ಎಲ್ಲ ಹೇಳಿದ. ಲೋಟ ತೊಳೆದದ್ದು, ಬೋಗುಣಿ, ಗಂಟಲ ಗಂಟು ಇಳಿದದ್ದು, ತಾನು ಕಂಡೂ ಸುಮ್ಮನಿದ್ದದ್ದು.

ಸಾವಿತ್ರೆವ್ವ ಒಲೆಯ ಕಡೆ ತಿರುಗಿ ಕೂತಳು. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗುತ್ತಿತ್ತು, ತೆಗೆಯಲಿಲ್ಲ. ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಬೇರೆ.

"ಏನಂದರು?"

"ಯಾರು?"

"ನಿಮ್ಮಣ್ಣಾರು. ರುಚಿ ಹೆಂಗೈತಿ ಅಂದರು ಅಂದೆಲ್ಲ. ಏನಂದರು?"

ಅವನಿಗೆ ಮೂರೂ ಬಾಯಿಪಾಠವಾಗಿದ್ದವು. ಆರದ ಅರಬಿಯ ಮಾತು ಹೇಳಿದ, ಹಗೇವಿನದು ಹೇಳಿದ, ಕವಳಿಹಣ್ಣಿನದು ಹೇಳಿದ. ಸಿಹಿ ಈಗ ಬರತೈತಿ ಎಂದು ಕಾಯುವುದು ಎಂಬಲ್ಲಿ ಅವಳ ಕೈ ಸೆರಗಿನ ಮೇಲೆ ನಿಂತಿತು. "ಇವರು ಅಂದರು?" ಎಂದಳು. "ಇಷ್ಟು ಮಾತು?" ಆಮೇಲೆ ಒಲೆಗೆ ಹೇಳುವಂತೆ, "ನಾ ಈ ಮನಿಗೆ ಬಂದಾಗಿಂದ ಕೈಯಾರ ಮಾಡಿ ಹಾಕೀನಿ. ಉಪ್ಪು ಜಾಸ್ತಿ, ಉಪ್ಪು ಕಡಿಮಿ. ಇದು ಬಿಟ್ಟು ಒಂದು ಮಾತು ಆಡಿಲ್ಲ ಆ ಮನಶಾ," ಎಂದಳು. ಸುಟ್ಟ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಚನ್ನಬಸವಣ್ಣನಿಗೆ ತಾನು ಇನ್ನೊಂದು ತಪ್ಪು ಮಾಡಿದೆನೋ ಎನಿಸಿತು. ಹೆಂಡತಿಗೆ ಸಿಗಬೇಕಾದ ಮಾತುಗಳನ್ನು ತಾನು ಲೋಟ ಕೊಟ್ಟು ಈಸಿಕೊಂಡಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಉಳವಪ್ಪ ಬಂದ. ಹಿತ್ತಲ ಬಾಗಿಲಿಂದ ಬಂದು, ಬಾವಿಯ ಹತ್ತಿರ ತಾನೇ ನೀರು ಸೇದಿ ಮುಖ ತೊಳೆದುಕೊಂಡ. ಕಣ್ಣು ಒಳಗೆ ಹೋಗಿದ್ದವು, ನಡಿಗೆ ನೆಟ್ಟಗಿತ್ತು. ತಮ್ಮನನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಕಲ್ಲಿನ ಮೇಲೆ ಕೂತು, "ಕುಂಡ್ರು" ಎಂದ. ಸಾವಿತ್ರೆವ್ವ ಹಿತ್ತಲ ಹೊಸ್ತಿಲಲ್ಲಿ ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಳು. ಒಳಗೆ ಹೋಗುವ ಉದ್ದೇಶ ಅವಳಿಗಿರಲಿಲ್ಲ.

"ಅತ್ತಿಗಿಗೆ ಎಲ್ಲಾ ಹೇಳೀನಿ ಅಣ್ಣಾ. ತಪ್ಪು ನಂದು."

ಉಳವಪ್ಪ ಟವೆಲಿನಿಂದ ಕಿವಿಯ ಹಿಂದೆ ಒರೆಸಿಕೊಂಡ. "ನೀ ಕೊಟ್ಟಿ ಖರೆ. ನುಂಗಿದಾವ ನಾನು. ನನ್ನ ಗಂಟಲ ನೀ ಯಾಕ ಹೊತ್ತುಕೊಂಡು ತಿರಗತಿ?" ಆಮೇಲೆ ಚಪ್ಪರದ ಕಡೆ ನೋಡಿ ಹೇಳಿದ: "ಅಲ್ಲಿ ಹೋಗಿ ಕುಡದೆ, ತಮ್ಮಾ. ಸುಳ್ಳು ಹೇಳಂಗಿಲ್ಲ. ಆದರ ಅದರಾಗ ಏನೂ ಇರಲಿಲ್ಲ. ಬೆಂಕಿ ನುಂಗಿದಂಗ ಆತು, ಅಷ್ಟ. ಕಣ್ಣು ಮುಚ್ಚಿದೆ, ಒಂದು ಮಾತೂ ಬರಲಿಲ್ಲ." ಸ್ವಲ್ಪ ನಕ್ಕ. "ಇನ್ನ ಮೊಗಲಾಯಿನೂ ನಮ್ಮದ ಆಗತೈತಂತ. ದಾಟೂ ಗಡಿನ ಇಲ್ಲಂದ್ರ ನಾ ಎಲ್ಲಿ ಹೋಗ್ಲಿ?"

ಸಾವಿತ್ರೆವ್ವ ನಗಲಿಲ್ಲ. ಚನ್ನಬಸವಣ್ಣನೂ ನಗಲಿಲ್ಲ. ಇಷ್ಟಕ್ಕೇ ಬಿಡಬಹುದಿತ್ತು. ಅಣ್ಣ ಕ್ಷಮಿಸಿದ್ದ. ಕ್ಷಮೆ ಎಂಬ ಹೆಸರನ್ನೂ ಹೇಳದೆ ಹೊರೆ ಇಳಿಸಿಕೊಟ್ಟಿದ್ದ. ಆದರೆ ಪುಣೆಯ ಕೋಣೆಯಲ್ಲಿ ಹೆಗಲ ಮೇಲೆ ಬಿದ್ದ ಆ ಕೈ ಇನ್ನೂ ಅಲ್ಲೇ ಇದ್ದಂತಿತ್ತು. "ಇನ್ನೊಂದೈತಿ," ಎಂದ. "ನೀ ಹೇಳಿದ ಮಾತು ಅಲ್ಲಿ ಎಲ್ಲಾರೂ ಮೆಚ್ಚಿದರು. ಯಾರು ಹೇಳಿದ್ದು ಅಂತ ಕೇಳಿದರು. ನಾನ ಅಂತ ಹೇಳಿದೆ."

ಟವೆಲು ಹಿಡಿದ ಕೈ ಕೆಳಗಿಳಿಯಿತು. ಶೆರೆಯ ಮಾತಿಗೆ ಕದಲದ ಅಣ್ಣನ ಮುಖ ಈಗ ಕದಲಿತು. ಎಲ್ಲೋ ಒಳಗೆ ಒಂದು ದೀಪ ಸಣ್ಣಗಾದ ಹಾಗೆ. "ಮೆಚ್ಚಿದರು?" ಎಂದು ಮೊದಲು ಕೇಳಿದ. "ಹೂಂ." "ಪುಣೆದಾಗ?" "ಹೂಂ, ಗಟ್ಟಿಯಾಗಿ ಓದಿದರು." ಉಳವಪ್ಪ ತನ್ನ ಕಾಲ ಬೆರಳಿನ ಕಡೆ ನೋಡಿದ. "ನನ್ನ ಹೆಸರು ಹೇಳಾಕ ನಾಚಿಕಿ ಬಂತೇನು, ಚನ್ನಾ?" ಎಂದ. ದನಿ ಏರಲಿಲ್ಲ. ಚನ್ನಬಸವಣ್ಣನಿಗೆ ಆ ಕ್ಷಣ ಗೊತ್ತಾಯಿತು, ಸಣ್ಣವನಿದ್ದಾಗ ಅಣ್ಣನ ಮುಂದೆ ಮುಂದೆ ನಡೆಯುತ್ತಿದ್ದದ್ದು ದಾರಿ ತೋರಿಸಲಿಕ್ಕಲ್ಲ, ಜೊತೆಗಿದ್ದಾನೆ ಎಂದು ಕಾಣದಿರಲಿ ಎಂದು. ಅಣ್ಣನಿಗೆ ಅದು ಆಗಲೂ ಗೊತ್ತಿತ್ತು. "ಬಂತಣ್ಣಾ," ಎಂದ.

ಸಾವಿತ್ರೆವ್ವ ಮೆಣಸಿನಕಾಯಿಯ ಬುಟ್ಟಿ ಬದಿಗಿಟ್ಟು ಎದ್ದಳು. "ಆ ಭರಣಿ ಇನ್ನೂ ಅದಾವೇನು?" "ಅದಾವು." "ನಾಳಿ ಮೂವರೂ ಹೋಗೂಣು. ನನ್ನ ಕಣ್ಣ ಮುಂದ ಅದನ್ನ ಚೆಲ್ಲಬೇಕು. ಹೆಸರಿನ ಮಾತು ನೀವು ಅಣ್ಣತಮ್ಮರು ನೋಡಕೋರಿ."

ಮರುದಿನ ಬೆಳಿಗ್ಗೆ ಕಾಲೇಜಿನ ಅಂಗಳದಲ್ಲಿ ಹುಡುಗರು ಹೊಸ ರಾಜ್ಯದ ಹಬ್ಬಕ್ಕೆ ಬಣ್ಣದ ಹಾಳೆ ಕತ್ತರಿಸಿ ದಾರಕ್ಕೆ ಅಂಟಿಸುತ್ತಿದ್ದರು. ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಸಾವಿತ್ರೆವ್ವ ಕೋಣೆಯೊಳಗೆ ಬಂದಳು. ಚನ್ನಬಸವಣ್ಣ ಭರಣಿಯ ತಳದ ಗಸಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು, ಅಣ್ಣನನ್ನು ಕರೆದ. ಉಳವಪ್ಪ ಬಗ್ಗಿ, ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡು ನೋಡಿದ. "ಇವು ಸತ್ತಾವೇನು?" "ಬಹಳಷ್ಟು ಸತ್ತಾವು. ಕೆಲವು ಇನ್ನೂ ಅದಾವು." "ಮೊದಲ ಬಂದಿದ್ದವು ಅಂತ ನೀ ಅಂದಿದ್ದೆಲ್ಲ, ಆ ನಿಂಬಿಕಾಯಿಯಂಥವು?" "ಅವು ಎಂದೋ ಸತ್ತಾವು. ನೀ ಹೇಳಿದ ಒಗರು ಅವುಗಳದ ಇರಬೇಕು. ಅದು ಖರೆ ಆದ್ರ ನನ್ನ ಪ್ರಬಂಧದ ಪ್ರಶ್ನೆಗೆ ಉತ್ತರ ಸಿಕ್ಕಂಗ." ಉಳವಪ್ಪ ತಲೆ ಎತ್ತದೆ ಹೂಂಗುಟ್ಟಿದ. ಅವನು ನೋಡಿ ಮುಗಿಸುವ ತನಕ ಸಾವಿತ್ರೆವ್ವ ಭರಣಿಗಳ ಕಡೆ ಕಣ್ಣು ಹಾಕಲಿಲ್ಲ. ಗಂಡನ ಬೆನ್ನನ್ನೇ ನೋಡುತ್ತಿದ್ದಳು.

ಕಟ್ಟಡದ ಹಿಂದಿನ ಬೇವಿನ ಬುಡಕ್ಕೆ ಮೂರನ್ನೂ ಹೊತ್ತು ತಂದರು. ಮಾಗಡಿಯದನ್ನು ಚನ್ನಬಸವಣ್ಣನೇ ಚೆಲ್ಲಿದ, ಮನೆಯದನ್ನೂ ಚೆಲ್ಲಿದ. ಕರಿಮಣ್ಣು ಕುಡಿದು ಇನ್ನೂ ಕಪ್ಪಾಯಿತು. ಡೋಣಿಯದರ ಮುಚ್ಚಳ ತೆಗೆದವನು ನಿಂತ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡ. ಆಮೇಲೆ ಅಂಗೈಯಲ್ಲಿ ಒಂದಿಷ್ಟು ಹಾಕಿಕೊಂಡು, ಬೇಡ ತಮ್ಮಾ ಎಂದು ಅತ್ತಿಗೆ ಅನ್ನುವಷ್ಟರಲ್ಲಿ, ಬಾಯಿಗೆ ಹಾಕಿಕೊಂಡ. ಉಗುಳಲಿಲ್ಲ. ಅಣ್ಣ ನುಂಗಿದ್ದನ್ನು ತಾನು ಮಾತ್ರ ಉಗುಳಿ ಪಾರಾಗುವುದು ಅವನಿಗೆ ಆಗಲಿಲ್ಲ.

"ಹೆಂಗೈತಿ?" ಎಂದ ಉಳವಪ್ಪ.

ಚನ್ನಬಸವಣ್ಣ ಕಣ್ಣು ಮುಚ್ಚಿದ. ಕವಳಿಹಣ್ಣು ಹುಡುಕಿದ, ಗುಡ್ಡ ಹುಡುಕಿದ. ಏನೂ ಸಿಗಲಿಲ್ಲ. "ಹುಳಿ ಐತಿ," ಎಂದ.

"ಮತ್ತ?"

"ಅಷ್ಟ."

ಉಳವಪ್ಪ ಅವನನ್ನು ನೋಡಿದ. ಮೊದಲು ಕನಿಕರದಿಂದ ನೋಡಿದ, ಆಮೇಲೆ ನಿನ್ನೆ ಗಡಿಯ ಮಾತಿಗೆ ನಕ್ಕಂತಲ್ಲದ ಬೇರೆಯೇ ಒಂದು ನಗೆ ಅವನ ಎದೆಯಿಂದ ಎದ್ದು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ಓದಿ," ಎಂದ, "ಹುಳಿ ಐತಿ!" ಕಣ್ಣೊರೆಸಿಕೊಂಡು ಕೈ ಚಾಚಿದ. "ತಾ ಇಲ್ಲಿ."

ಸಾವಿತ್ರೆವ್ವ ಒಂದು ಹೆಜ್ಜೆ ಮುಂದೆ ಬಂದಳು. ಚನ್ನಬಸವಣ್ಣ ಭರಣಿ ಕೊಟ್ಟ. ಕೊಡದೆ ಹಿಡಿದುಕೊಂಡರೆ ಅಣ್ಣನದು ಕೆಟ್ಟ ಬಾಯಿ ಎಂದು ಮತ್ತೊಮ್ಮೆ ಹೇಳಿದಂತಾಗುತ್ತದೆ ಎಂದು ಅವನಿಗೆ ಅನಿಸಿತ್ತು. ಉಳವಪ್ಪ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದ. ಅವನ ಗಂಟಲ ಗಂಟು ಒಮ್ಮೆ ಏರಿ ಇಳಿಯಿತು, ಬಾಯಲ್ಲಿ ಏನೂ ಇಲ್ಲದೆಯೇ. ಅಂಗಳದಲ್ಲಿ ಹುಡುಗರು ಯಾರನ್ನೋ ಏಣಿ ತರಲು ಕೂಗುತ್ತಿದ್ದರು. ಭರಣಿಯ ಬಾಯಿಯ ಮೇಲೆ ಮೂಗಿಟ್ಟು ಉಳವಪ್ಪ ಉಸಿರೆಳೆದುಕೊಂಡ, ತುಟಿ ತಾಗಿಸದೆ.

"ಬರಕೋ," ಎಂದ. "ಆಷಾಢದಾಗ ಇದ್ದಂಗ ಇಲ್ಲ ಈಗ. ಒಗರು ಹೋಗೇತಿ. ಮಳಿ ನಿಂತ ಮ್ಯಾಲೆ ಗುಡ್ಡದ ಕಲ್ಲು ಬಿಸಲಿಗೆ ಕಾಯಾಕ ಹತ್ತಿದಾಗ ಒಂದು ವಾಸನಿ ಬರತೈತಿ. ಹಂಗ ಐತಿ. ಹಣ್ಣು ಇತ್ತು, ಈಗ ಇಲ್ಲ, ಆದರ ಇತ್ತು ಅನ್ನೂದು ಗೊತ್ತಾಗತೈತಿ." ತಡೆದು, ಮತ್ತೆ ಹೇಳಿದ: "ನನ್ನ ಹೆಸರು ಪೂರಾ ಬರಿ. ಊರೂ ಬರಿ."

ಚನ್ನಬಸವಣ್ಣ ಕಿಸೆಯಿಂದ ಹಾಳೆ ತೆಗೆದು ಮರದ ಬೊಡ್ಡೆಗೆ ಒತ್ತಿ ಹಿಡಿದು ಬರೆದ. ಅಕ್ಷರ ತೊಗಟೆಯ ಮೇಲೆ ಓರೆಕೋರೆಯಾದವು.

"ಬರದೇನು? ಓದು."

ಓದಿದ. ಕಡೆಗೆ ಹೆಸರನ್ನೂ ಊರನ್ನೂ ಓದಿದ. ಉಳವಪ್ಪ ಪೂರಾ ಕೇಳಿ, ತಲೆಯಾಡಿಸಿ, ಭರಣಿಯನ್ನು ಬೋರಲು ಹಾಕಿದ. ಕಡೆಯ ಗಸಿ ಇಳಿಯುವ ತನಕ ಹಾಗೇ ಹಿಡಿದುಕೊಂಡಿದ್ದ. ಮುಂದಿನ ಸಂತೆಗೆ ಅವನು ಮುಂಡರಗಿ ದಾಟುತ್ತಾನೋ ಇಲ್ಲವೋ ಅಲ್ಲಿದ್ದ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾವಿತ್ರೆವ್ವ ಸೆರಗನ್ನು ಮೂಗಿನಿಂದ ಬಿಟ್ಟಳು. ಗಂಡನ ಕಡೆ ನೋಡದೆ, ನೆಲ ನೋಡುತ್ತ ಹೇಳಿದಳು:

"ಇನ್ನೊಮ್ಮಿ ಓದು, ತಮ್ಮಾ."